ತುತ್ತೂರಿಯ ನೀತಿ: ಜಿ. ಪಿ. ರಾಜರತ್ನಂ ಅವರ ಮಕ್ಕಳ ಸಾಹಿತ್ಯದ ಒಂದು ಪರಿಶೀಲನೆ

ಮಕ್ಕಳಿಗೆ ಸದಾಚಾರವನ್ನು ಕಲಿಸಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅದನ್ನು ಕಲಿಸುವ ಬಗೆ ಯಾವುದು ಎಂಬಲ್ಲಿ ಮಾತ್ರ ವಿಚಾರ ಮಾಡಬೇಕಾದ ಅಂಶಗಳು ಬಹಳ ಇವೆ. ನಮ್ಮ ಪಾಠಶಾಲೆಗಳ ಪುಸ್ತಕಗಳಲ್ಲಿ ರೂಢಿಯಾಗಿರುವ ಕ್ರಮ ಎಲ್ಲರಿಗೂ ತಿಳಿದದ್ದೇ. ಮೊದಲು ಒಂದು ಕಥೆ. ಅದರ ಕೆಳಗೆ ದಪ್ಪಕ್ಷರದಲ್ಲಿ 'ನೀತಿ' ಎಂಬ ತಲೆಬರಹ. ಅದರ ಮುಂದೆ ಒಂದು ವಾಕ್ಯ. ಪರೀಕ್ಷೆಯಲ್ಲಿ ಕೇಳುವುದು ಆ ವಾಕ್ಯವನ್ನೇ ಆದುದರಿಂದ ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಒಪ್ಪಿಸುತ್ತದೆ, ಮರೆಯುತ್ತದೆ. ಕಥೆಯೂ ನಿಲ್ಲುವುದಿಲ್ಲ, ನೀತಿಯೂ ನಿಲ್ಲುವುದಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಸಂಗತಿಯನ್ನು ನೋಡೋಣ. ಹಳೆಯ ಮೈಸೂರು ಸೀಮೆಯಲ್ಲಿ ಪ್ರಾಥಮಿಕ ಶಾಲೆಯ ಮೆಟ್ಟಿಲು ಹತ್ತಿದ ಯಾರನ್ನಾದರೂ, ಅವರಿಗೆ ಎಪ್ಪತ್ತು ವರ್ಷವಾಗಿದ್ದರೂ ಸರಿಯೆ, ಬಣ್ಣದ ತಗಡಿನ ತುತ್ತೂರಿಯನ್ನು ಕೊಂಡ ಹುಡುಗನ ಕತೆ ಏನಾಯಿತೆಂದು ಕೇಳಿದರೆ ತಡವರಿಸದೆ ಹೇಳುತ್ತಾರೆ. ಹಾಡಿನ ಕೆಳಗೆ ಯಾರೂ 'ನೀತಿ' ಎಂದು ಬರೆದಿರಲಿಲ್ಲ. ಆದರೂ ಗರ್ವದ ವಿಷಯದಲ್ಲಿ ಅವರು ಕಲಿತ ಮೊದಲ ಪಾಠ ಅದೇ ಆಗಿತ್ತು. ಆ ಹಾಡನ್ನು ಬರೆದ ಜಿ. ಪಿ. ರಾಜರತ್ನಂ ಅವರ ಮಕ್ಕಳ ಸಾಹಿತ್ಯವನ್ನು ಸದಾಚಾರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ರಾಜರತ್ನಂ ಅವರದು ಗುಂಡ್ಲುಪಂಡಿತರ ಮನೆತನ. ಹೆಸರಿನ ಹಿಂದಿನ ಎರಡು ಅಕ್ಷರಗಳು ಸೂಚಿಸುವುದು ಅದನ್ನೇ. ತಂದೆ ಉಪಾಧ್ಯಾಯರು. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಮೇಲೆ ಈ ತರುಣರು ಮೊದಲು ನಿಂತದ್ದು ಚಿಕ್ಕ ಮಕ್ಕಳ ಮುಂದೆ. ಅಲ್ಲಿಯ ತನಕ ಪ್ರೌಢ ಕವಿತೆಯ ಕಡೆಗಿದ್ದ ಮನಸ್ಸು ಆ ಮಕ್ಕಳ ಮುಂದೆ ದಾರಿ ಬದಲಿಸಿತು. ಸ್ನಾತಕೋತ್ತರ ಪದವೀಧರರೊಬ್ಬರು ಅ ಆ ಇ ಈ ಕಲಿಯುವ ಮಕ್ಕಳಿಗೆ ಹಾಡು ಕಟ್ಟುವುದನ್ನು ಕೀಳೆಂದು ಎಣಿಸಲಿಲ್ಲವೆಂಬುದು ಅವರ ಜೀವನದ ಮೊದಲ ಹಿರಿಮೆ. ಮುಂದೆ ಕಾಲೇಜುಗಳಲ್ಲಿ ಕನ್ನಡದ ಅಧ್ಯಾಪಕರಾಗಿ, ವಿಶೇಷವಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಎಷ್ಟೋ ಮಂದಿ ತರುಣರ ಕೈಗೆ ಲೇಖನಿ ಹಿಡಿಸಿದರು. 1978ರಲ್ಲಿ ದೆಹಲಿಯಲ್ಲಿ ನಡೆದ 50ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮರುವರ್ಷವೇ, 1979ರ ಮಾರ್ಚ್ 13ರಂದು, ತೀರಿಕೊಂಡರು.

ಅವರಿಗಿಂತ ಹಿಂದೆ ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಇರಲಿಲ್ಲವೆಂದು ಹೇಳುವಂತಿಲ್ಲ. 'ಕವಿಶಿಷ್ಯ'ರೆನಿಸಿದ ಪಂಜೆ ಮಂಗೇಶರಾಯರು (1874–1937) ಕರಾವಳಿಯಲ್ಲಿ ಆ ದಾರಿಯನ್ನು ಕಡಿದು ಸಮಮಾಡಿದ್ದರು. ಕುವೆಂಪು ಅವರು ಬ್ರೌನಿಂಗ್ ಕವಿಯ ಕಥನಕವನವನ್ನು ತುಂಗೆಯ ದಡಕ್ಕೆ ತಂದು ಕಿಂದರಿಜೋಗಿಯನ್ನು ಸೃಷ್ಟಿಸಿದರು. ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಮಕ್ಕಳ ತಿಳಿವಳಿಕೆಗಾಗಿ ಸಿದ್ಧಗೊಳಿಸಿದರು. ಇವರ ನಡುವೆ ರಾಜರತ್ನಂ ಅವರ ಪ್ರತ್ಯೇಕತೆಯೇನು? ಅವರ ಮಕ್ಕಳ ಪುಸ್ತಕಗಳ ಹೆಸರುಗಳನ್ನು ನೋಡಿದರೇ ಅದು ತಿಳಿಯುತ್ತದೆ: 'ತುತ್ತೂರಿ', 'ಕಡಲೆಪುರಿ', 'ಗುಲಗಂಜಿ', 'ಕಲ್ಲುಸಕ್ಕರೆ'. ನನ್ನಂಥ ಅಂಗಡಿಯವನಿಗೆ ಈ ಪಟ್ಟಿ ಬಹಳ ಪರಿಚಿತವಾದದ್ದು. ಒಂದು ಕಾಸು, ಎರಡು ಕಾಸು ಹಿಡಿದು ಬರುವ ಮಗು ಕೈ ತೋರಿಸಿ ಕೇಳುವ ಸರಕುಗಳಿವು. ಗುಲಗಂಜಿಯೊಂದು ಮಾತ್ರ ಮಾರಾಟದ ಸರಕಲ್ಲ. ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನವನ್ನು ತೂಗುತ್ತಿದ್ದ ಕಾಳು. ಅತಿ ಚಿಕ್ಕದು ಅತಿ ಬೆಲೆಯುಳ್ಳದ್ದನ್ನು ತೂಗಬಲ್ಲದೆಂಬ ಮಾತು ಆ ಕವಿಯ ಮಕ್ಕಳ ಪದ್ಯಗಳಿಗೂ ಒಪ್ಪುತ್ತದೆ.

ಈಗ ಆ ತುತ್ತೂರಿಯನ್ನೇ ತೆಗೆದುಕೊಳ್ಳೋಣ. ಕಸ್ತೂರಿ ಎಂಬ ಹುಡುಗ ಕಾಸು ಕೊಟ್ಟು ತುತ್ತೂರಿ ಕೊಳ್ಳುತ್ತಾನೆ. ಸ್ವರಗಳನ್ನು ಆರೋಹಣದಲ್ಲಿಯೂ ಅವರೋಹಣದಲ್ಲಿಯೂ ಊದುತ್ತಾನೆ. ಇಷ್ಟರವರೆಗೆ ತಪ್ಪೇನೂ ಇಲ್ಲ. ಕೊಳ್ಳುವುದು ತಪ್ಪಲ್ಲ, ಊದುವುದೂ ತಪ್ಪಲ್ಲ. ಮುಂದಿನ ಹೆಜ್ಜೆಯಲ್ಲಿ ಹುಡುಗ ತನಗೆ ಮಾತ್ರ ಇದು ಇದೆ, ಬೇರೆ ಯಾರಿಗೂ ಇಲ್ಲ ಎಂದುಕೊಂಡು ಬೀದಿಯಲ್ಲಿ ಬೀಗುತ್ತ ನಡೆಯುತ್ತಾನೆ. ದೋಷ ಹುಟ್ಟುವ ಸ್ಥಾನ ಇದೇ. ವಸ್ತುವಿನಿಂದ ಬರುವ ಸಂತೋಷ ಹಿಂದೆ ಸರಿದು, ಇತರರಲ್ಲಿ ಆ ವಸ್ತು ಇಲ್ಲವೆಂಬ ಸಂತೋಷ ಮುಂದೆ ಬಂದಿದೆ. ಪರಿಗ್ರಹವೆಂಬುದು ವಸ್ತುವಿನ ರಾಶಿಯಲ್ಲಿಲ್ಲ, ಅದರ ಮೇಲಣ ಮೂರ್ಛೆಯಲ್ಲಿದೆ ಎಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ಸಮಂತಭದ್ರರು ಎಣಿಸಿದ ಎಂಟು ಮದಗಳಲ್ಲಿ ಸಂಪತ್ತಿನ ಮದವೂ ಒಂದು. ಒಂದು ಕಾಸಿನ ತಗಡೂ ಸಂಪತ್ತಿನ ಮದವನ್ನು ಹುಟ್ಟಿಸಬಲ್ಲದು. ಕೋಟಿ ರೂಪಾಯಿಯ ಒಡೆಯನೂ ಅದಿಲ್ಲದೆ ಇರಬಲ್ಲನು. ಈ ಸೂಕ್ಷ್ಮವನ್ನು ಆರು ವರ್ಷದ ಮಗುವಿಗೆ ತಿಳಿಯುವಂತೆ ಹೇಳಿದವರು ವಿರಳ.

ಅನಂತರ ನಡೆಯುವುದೇನು? ಸಂಜೆ ಕೊಳದ ಬಳಿ ತುತ್ತೂರಿ ಕೈಜಾರಿ ನೀರಿಗೆ ಬೀಳುತ್ತದೆ. ಅದರ ಗಂಟಲಲ್ಲಿ ನೀರು ತುಂಬುತ್ತದೆ; ಸ್ವರವೇಳುವಲ್ಲಿ ಗಕಾರವೊಂದೇ ಹೊರಡುತ್ತದೆ; ಬಣ್ಣ ನೀರಿನಲ್ಲಿ ಕರಗಿಹೋಗುತ್ತದೆ. ಗಮನಿಸಬೇಕಾದ ವಿಷಯವೆಂದರೆ, ಹುಡುಗನಿಗೆ ಕೇಡು ಮಾಡುವವರು ಯಾರೂ ಇಲ್ಲ. ಬೈಯುವ ತಂದೆಯಿಲ್ಲ, ಬೆತ್ತ ಹಿಡಿದ ಮೇಷ್ಟ್ರಿಲ್ಲ, ಶಪಿಸುವ ಋಷಿಯಿಲ್ಲ. ಮಾಡಿದ್ದರ ಫಲ ತಾನಾಗಿ ಒದಗುತ್ತದೆ. ಕರ್ಮಸಿದ್ಧಾಂತದ ಮೂಲತತ್ತ್ವವೂ ಇದೇ ಅಲ್ಲವೆ? ಫಲವನ್ನು ಹಂಚಲು ಹೊರಗಿನ ನ್ಯಾಯಾಧೀಶನೊಬ್ಬನ ಅಗತ್ಯ ಇಲ್ಲಿ ಕಾಣುವುದಿಲ್ಲ.

ಇನ್ನೊಂದು ಗುಣವನ್ನೂ ಹೇಳಬೇಕು. ತಪ್ಪಿಗೂ ಫಲಕ್ಕೂ ಇರುವ ಪ್ರಮಾಣ ಇಲ್ಲಿ ಸರಿಯಾಗಿದೆ. ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿ ಮಗ ಭವಭವಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಸಂಕಲ್ಪಹಿಂಸೆಯ ಭಾರವನ್ನು ಪ್ರೌಢರಿಗೆ ಮನಗಾಣಿಸಲು ಆ ಮಹಾಕಾವ್ಯ ಅವಶ್ಯವೆ. ಆದರೆ ಅದೇ ತಕ್ಕಡಿಯನ್ನು ಎಳೆಯ ಮಗುವಿನ ಮುಂದೆ ಹಿಡಿದರೆ ಮಗು ನಡುಗುತ್ತದೆ. ಭಯದಿಂದ ಒಳ್ಳೆಯದಾಗಿರುವಂತೆ ನಟಿಸಲು ಕಲಿಯುತ್ತದೆ. ರಾಜರತ್ನಂ ಅವರು ಕಾಸಿನ ತಪ್ಪಿಗೆ ಕಾಸಿನಷ್ಟೇ ನಷ್ಟವನ್ನು ಬರೆದಿದ್ದಾರೆ. ಹುಡುಗ ಕೊಳಕ್ಕೆ ಬೀಳುವುದಿಲ್ಲ. ಬಿದ್ದದ್ದು ತುತ್ತೂರಿ ಮಾತ್ರ. ಜಮಾಖರ್ಚು ಬಲ್ಲವರಿಗೆ ಈ ಲೆಕ್ಕ ಮೆಚ್ಚಿಗೆಯಾಗದಿರದು.

ಹೀಗೆಂದು ಆ ಪದ್ಯ ಸರ್ವಥಾ ನಿರ್ದೋಷವೆಂದು ನಾನು ಹೇಳಲಾರೆ. ಕೊನೆಯಲ್ಲಿ ಕವಿ ಹುಡುಗನನ್ನು ಜಂಬದ ಕೋಳಿಯೆಂದು ಕರೆದು ಅವನ ಗೋಳಿಗೆ ನಗುತ್ತಾರೆ. ತುತ್ತೂರಿಯ ಕೆಟ್ಟ ಸ್ವರವೇ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಈ ಅಡ್ಡಹೆಸರಿನ ಅಗತ್ಯವಿತ್ತೆ? ತರಗತಿಯಲ್ಲಿ ಮಕ್ಕಳು ಹೊಸ ಅಂಗಿ ತೊಟ್ಟುಬಂದ ಗೆಳೆಯನನ್ನು ಅದೇ ಹೆಸರಿನಿಂದ ಕೆಣಕುವುದುಂಟು. ಆಗ ಗರ್ವವನ್ನು ಕಳೆಯಬೇಕಾದ ಹಾಡು ಇನ್ನೊಬ್ಬರನ್ನು ಹಳಿಯುವ ಉಪಕರಣವಾಗುತ್ತದೆ. ಪರನಿಂದೆಯೂ ಗರ್ವದ ಒಡಹುಟ್ಟೇ. ಉಪಾಧ್ಯಾಯರು ಈ ಪದ್ಯವನ್ನು ಕಲಿಸುವಾಗ ಕಸ್ತೂರಿಯನ್ನು ಕಂಡು ನಗುವುದರ ಜೊತೆಗೆ, ಅವನು ಅಂದು ರಾತ್ರಿ ಮನೆಗೆ ಹೇಗೆ ಹೋಗಿದ್ದಾನು ಎಂದು ಕೇಳುವುದು ಒಳ್ಳೆಯದು. ಮಕ್ಕಳ ಉತ್ತರಗಳಲ್ಲಿ ಕರುಣೆ ತಾನಾಗಿ ಹೊರಬರುತ್ತದೆ.

ಎರಡನೆಯದಾಗಿ ನಾಯಿಮರಿಯ ಹಾಡು. ಇದು ಮಗುವಿಗೂ ನಾಯಿಮರಿಗೂ ನಡೆಯುವ ಸಂವಾದ. ತಿಂಡಿ ಬೇಕೆ ಎಂದು ಮಗು ಕೇಳುತ್ತದೆ, ಮರಿ ಬೇಕೆನ್ನುತ್ತದೆ. ಏಕೆ ಬೇಕೆಂದು ಮಗು ಮರುಪ್ರಶ್ನೆ ಹಾಕುತ್ತದೆ. ತಿಂದು ಗಟ್ಟಿಯಾಗಿ ಮನೆ ಕಾಯುವುದಕ್ಕೆ ಎಂದು ಉತ್ತರ. ಕಳ್ಳ ಬಂದರೆ ಏನು ಮಾಡುವೆ ಎಂಬ ಪರೀಕ್ಷೆಯಲ್ಲಿಯೂ ಮರಿ ತೇರ್ಗಡೆಯಾದ ಮೇಲೆ ತಿಂಡಿಯ ವಾಗ್ದಾನ ದೊರೆಯುತ್ತದೆ. ಮೇಲೆ ನೋಡಿದರೆ ಇದೊಂದು ಕರಾರುಪತ್ರ. ಸಂಬಳ ಗೊತ್ತುಮಾಡುವ ಮುನ್ನ ಕೆಲಸ ಗೊತ್ತುಮಾಡುವ ಯಜಮಾನನಂತೆ ಮಗು ನಡೆದುಕೊಳ್ಳುತ್ತದೆ. ಹಸಿದ ಜೀವಕ್ಕೆ ಅನ್ನ ಕೊಡಲು ಕಾರಣ ಕೇಳಬೇಕೆ? ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳನ್ನು ಪ್ರತಿಫಲವಿಲ್ಲದೆ ಮಾಡಬೇಕೆಂದು ಕೇಳಿ ಬೆಳೆದವರಿಗೆ ಈ ಪ್ರಶ್ನೆ ಏಳುವುದು ಸಹಜ. ಕಾಯಲಾರದ ಮುದಿ ನಾಯಿಗೂ ಕುಂಟು ನಾಯಿಗೂ ಈ ಹಾಡಿನಲ್ಲಿ ತಿಂಡಿ ದೊರೆಯುವ ಭರವಸೆಯಿಲ್ಲ.

ಈ ಆಕ್ಷೇಪಕ್ಕೆ ಬಲವಿದೆ. ಆದರೂ ಹಾಡಿನ ಪರವಾಗಿ ಹೇಳಬೇಕಾದದ್ದೂ ಇದೆ. ಕವಿ ಇಲ್ಲಿ ಪ್ರಾಣಿಗೆ ಮಾತು ಕೊಟ್ಟಿದ್ದಾರೆ, ಮಾತಿನೊಡನೆ ಮರ್ಯಾದೆಯನ್ನೂ ಕೊಟ್ಟಿದ್ದಾರೆ. ಮರಿ ಬೇಡುವುದಿಲ್ಲ, ಬಾಲ ಅಲ್ಲಾಡಿಸಿ ಓಲೈಸುವುದಿಲ್ಲ. ತಾನೂ ಈ ಮನೆಗೆ ಉಪಯೋಗಿಯೆಂದು ಸಮಾನನಂತೆ ಉತ್ತರಿಸುತ್ತದೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುವುದೇ ಅವುಗಳ ಧರ್ಮವೆಂಬ ಮಾತನ್ನು ಮಗುವಿಗೆ ತಿಳಿಸಲು ಇದಕ್ಕಿಂತ ಸರಳವಾದ ಮೊದಲ ಪಾಠ ಸಿಗಲಾರದು. ನಿರಪೇಕ್ಷ ದಯೆ ಮುಂದಿನ ತರಗತಿಯ ಪಾಠ. ಕೊಡುಕೊಳ್ಳುವುದರಲ್ಲಿ ನ್ಯಾಯವನ್ನೇ ಅರಿಯದವನು ಕೊಡುವುದರಲ್ಲಿ ಧರ್ಮವನ್ನು ಅರಿಯಲಾರನೆಂಬುದು ವ್ಯಾಪಾರದಲ್ಲಿ ಕಂಡುಕೊಂಡ ಮಾತು. ಹಾಡು ಮೊದಲ ಮೆಟ್ಟಿಲು. ಮುಂದಿನ ಮೆಟ್ಟಿಲನ್ನು ಹತ್ತಿಸುವ ಹೊಣೆ ತಾಯಿತಂದೆಯರದು.

ಮೂರನೆಯದು ಎಣಿಕೆಯ ಹಾಡು. ಒಂದು ಎರಡಕ್ಕೆ ಬಾಳೆಲೆ ಹಾಸುವುದರಿಂದ ಮೊದಲಾಗಿ ಅನ್ನ, ಸಾರು, ಪಲ್ಯಗಳನ್ನು ದಾಟಿ ಒಂಬತ್ತು ಹತ್ತಕ್ಕೆ ಉಂಡ ಎಲೆಯನ್ನು ಮುದುರಿ ಎತ್ತುವವರೆಗೆ ಒಂದು ಊಟವೇ ಹತ್ತು ಅಂಕಿಗಳಲ್ಲಿ ಮುಗಿಯುತ್ತದೆ. ಗಣಿತ ಕಲಿಸುವ ನೆಪದಲ್ಲಿ ಕವಿ ಒಂದು ಶಿಸ್ತನ್ನು ಒಳಗೆ ಸೇರಿಸಿದ್ದಾರೆ. ಉಂಡವನೇ ತನ್ನ ಎಲೆ ಎತ್ತಬೇಕು. ಅದನ್ನು ಆಜ್ಞೆಯಾಗಿ ಹೇಳಿದ್ದರೆ ಮಗು ಮುಖ ತಿರುಗಿಸುತ್ತಿತ್ತು. ಎಲೆ ಎತ್ತದಿದ್ದರೆ ಎಣಿಕೆ ಹತ್ತಕ್ಕೆ ಮುಟ್ಟುವುದಿಲ್ಲವಾದ್ದರಿಂದ ಮಗು ಉತ್ಸಾಹದಿಂದ ಎತ್ತುತ್ತದೆ. ನೀತಿ ಇಲ್ಲಿ ಪ್ರಾಸದ ಭಾಗ. ಬೇರ್ಪಡಿಸಲು ಹೋದರೆ ಪದ್ಯವೇ ಮುರಿಯುತ್ತದೆ. ಕೆಳಗೆ ಬರೆಯುವ ನೀತಿಗೂ ಒಳಗೆ ಬೆರೆತ ನೀತಿಗೂ ಇರುವ ವ್ಯತ್ಯಾಸವನ್ನು ತಿಳಿಯಲು ಈ ಒಂದು ಹಾಡು ಸಾಕು.

ಬಾಲ್ಯವನ್ನು ದಾಟಿ ತಾರುಣ್ಯಕ್ಕೆ ಕಾಲಿಟ್ಟವರ ಕೈಗೆ ಬರುವುದು ಇದೇ ಕವಿಯ 'ರತ್ನನ ಪದಗಳು'. ಇಲ್ಲಿ ಅನೇಕ ಶ್ರಾವಕರು ಹುಬ್ಬು ಗಂಟಿಕ್ಕುವುದನ್ನು ಬಲ್ಲೆ. ಹೆಂಡಕುಡುಕನನ್ನು ನಾಯಕನನ್ನಾಗಿ ಮಾಡಿದ ಪದಗಳನ್ನು ಮದ್ಯತ್ಯಾಗವನ್ನು ಮೂಲಗುಣವೆಂದು ಭಾವಿಸುವ ಮನೆಯಲ್ಲಿ ಹದಿಹರೆಯದವರ ಕೈಗೆ ಕೊಡಬಹುದೆ? ಕವಿ ಸ್ವತಃ ಹೆಂಡ ಮುಟ್ಟಿದವರಲ್ಲವೆಂದು ಹೇಳಿದರೆ ಅದು ಕವಿಯ ಚಾರಿತ್ರ್ಯಕ್ಕೆ ಉತ್ತರವಾಯಿತು, ಕೃತಿಗೆ ಉತ್ತರವಾಗಲಿಲ್ಲ. ಕೃತಿಯನ್ನೇ ನೋಡಬೇಕು. ರತ್ನನು ತನ್ನ ಪ್ರಪಂಚವನ್ನು ಪಟ್ಟಿಮಾಡಿ ಹೇಳುವ ಪದವೊಂದಿದೆ. ಹೆಸರು ಹೇಳಿಕೊಳ್ಳಲು ಒಂದು ಊರು, ತಲೆಯ ಮೇಲೊಂದು ಸೂರು, ಮಲಗಲು ನೆಲ, ನಗುತ್ತ ಉಪ್ಪುಗಂಜಿ ಬಡಿಸುವ ಪುಟ್ನಂಜಿ, ಇಷ್ಟಾದರೆ ಸಾಕು. ಪರಿಗ್ರಹ ಪರಿಮಾಣವ್ರತವನ್ನು ಸ್ವೀಕರಿಸಿದ ಗೃಹಸ್ಥರು ತಮ್ಮ ಹೊಲ, ಮನೆ, ಚಿನ್ನ, ಬೆಳ್ಳಿ, ಧಾನ್ಯಗಳ ಮಿತಿಯನ್ನು ಬರೆದಿಡುವ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟರೆ, ಕುಡುಕನ ಪಟ್ಟಿಯೇ ಚಿಕ್ಕದಾಗಿರುವುದು ಕಂಡು ನಾಚಿಕೆಯಾಗುತ್ತದೆ. ಇನ್ನೊಂದು ಪದದಲ್ಲಿ ಅವನು ಹೆಂಡ ಹೋಗಲಿ, ಹೆಂಡತಿ ಹೋಗಲಿ ಎನ್ನುತ್ತಾನೆ. ಕನ್ನಡವನ್ನು ಮಾತ್ರ ನರಕಕ್ಕಿಳಿಸಿ ನಾಲಗೆ ಸೀಳಿಸಿದರೂ ಬಿಡಲೊಲ್ಲ.

ಆದರೂ ಒಂದು ಎಚ್ಚರಿಕೆ ಅಗತ್ಯ. ಈ ಪದಗಳು ಮೈಸೂರು ಅನಂತಸ್ವಾಮಿ ಮೊದಲಾದ ಗಾಯಕರ ಕಂಠದಲ್ಲಿ ಮನೆಮನೆಗೂ ಬಂದಿವೆ. ಸಭೆಗಳಲ್ಲಿ ಹಾಡುವಾಗ ಕೆಲವರು ಅಮಲಿನ ಅಭಿನಯವನ್ನೇ ಮುಂದುಮಾಡಿ, ಅರ್ಥವನ್ನು ಹಿಂದಕ್ಕೆ ತಳ್ಳುತ್ತಾರೆ. ತರುಣರು ಚಪ್ಪಾಳೆ ತಟ್ಟುವುದು ಆ ತೂರಾಟಕ್ಕೆ. ಹೆಂಡದಂಗಡಿಯ ದುಡಿಮೆಗಾರನ ಬಡತನವೂ ಅವನ ಮನೆಯವಳ ಉಪ್ಪುಗಂಜಿಯೂ ಆ ಚಪ್ಪಾಳೆಯಲ್ಲಿ ಕೇಳಿಸದೆ ಹೋಗುತ್ತವೆ. ಪುಟ್ನಂಜಿ ನಗುವುದನ್ನು ಕವಿ ತೋರಿಸಿದ್ದಾರೆ. ಗಂಡನ ಕುಡಿತದಿಂದ ಅವಳು ಪಟ್ಟಿರಬಹುದಾದ ಪಾಡಿಗೆ ಈ ಪದಗಳಲ್ಲಿ ದೊರೆತ ಸ್ಥಳ ಕಡಿಮೆ. ಇದು ಕೃತಿಯ ನ್ಯೂನತೆಯೇ. ತರುಣರೊಡನೆ ಕುಳಿತು ಓದಿ, ಇದನ್ನು ಚರ್ಚಿಸಬೇಕೇ ಹೊರತು ಪುಸ್ತಕವನ್ನು ಬಚ್ಚಿಡುವುದರಿಂದ ಪ್ರಯೋಜನವಿಲ್ಲ.

ರಾಜರತ್ನಂ ಅವರು ನಮ್ಮ ಸಾಹಿತ್ಯಕ್ಕೂ ಸೇವೆ ಸಲ್ಲಿಸಿದ್ದಾರೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ವೈಷ್ಣವ ಮನೆತನದಲ್ಲಿ ಹುಟ್ಟಿ, ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದು, ಜೈನ ವಿಷಯಗಳನ್ನು ಕುರಿತು 'ಮಹಾವೀರನ ಮಾತುಕತೆ', 'ಭಗವಾನ್ ಪಾರ್ಶ್ವನಾಥ', 'ಜೈನರ ಅರವತ್ತುಮೂವರು' ಮುಂತಾದ ಪುಸ್ತಕಗಳನ್ನು ಬರೆದರು. ತ್ರಿಷಷ್ಟಿ ಶಲಾಕಾಪುರುಷರೆಂದರೆ ಇಂದಿನ ವಿದ್ಯಾರ್ಥಿ ಹೆದರಿ ದೂರ ಸರಿಯುತ್ತಾನೆ. ಅರವತ್ತುಮೂವರು ಎಂದರೆ ಹತ್ತಿರ ಬರುತ್ತಾನೆ. 'ಉಪದೇಶ' ಎನ್ನುವ ಕಡೆ 'ಮಾತುಕತೆ' ಎಂದದ್ದರಲ್ಲಿಯೂ ಅದೇ ಮನೋಧರ್ಮವಿದೆ. ಉಪದೇಶದಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ. ಮಾತುಕತೆಯಲ್ಲಿ ಇಬ್ಬರೂ ಎದುರುಬದುರು. ನಾಯಿಮರಿಯೊಡನೆ ಮಗುವನ್ನು ಮಾತಿಗೆ ಕೂರಿಸಿದ ಲೇಖನಿಯೇ ಓದುಗನನ್ನು ತೀರ್ಥಂಕರರ ಎದುರು ಮಾತಿಗೆ ಕೂರಿಸಿದೆ.

ಹಾಗೆ ನೋಡಿದರೆ ಕಥೆಯ ಮೂಲಕ ಆಚಾರವನ್ನು ಕಲಿಸುವುದು ನಮ್ಮವರಿಗೆ ಹೊಸದಲ್ಲ. ಹತ್ತೊಂಬತ್ತು ಕಥೆಗಳ 'ವಡ್ಡಾರಾಧನೆ' ಹಳಗನ್ನಡ ಗದ್ಯದ ಮೊದಲ ಸಾಲಿನ ಕೃತಿ. ಅಂಥ ಪರಂಪರೆಯ ವಾರಸುದಾರರು ಇಂದು ಮಕ್ಕಳಿಗೆ ಕೊಡುತ್ತಿರುವುದೇನು? ಪ್ರಶ್ನೋತ್ತರಮಾಲೆಗಳನ್ನು. ದಾಸ್ತಾನಿನಲ್ಲಿ ಚಿನ್ನವಿಟ್ಟುಕೊಂಡು ಗಿರಾಕಿಗೆ ರಸೀದಿಯನ್ನಷ್ಟೇ ಹರಿದುಕೊಟ್ಟಂತಾಗಿದೆ ನಮ್ಮ ಕೆಲಸ.

ಇನ್ನು ರಾಜರತ್ನಂ ಅವರ ಹಾಡುಗಳ ಎಲ್ಲೆಯನ್ನೂ ಗುರುತಿಸಬೇಕು. ಅವು ಪೇಟೆಯ ಬೀದಿ, ಕೊಳ, ಎಲೆ ಹಾಕಿ ಉಣ್ಣುವ ಮನೆಗಳ ನಡುವೆ ಹುಟ್ಟಿದವು. ಹೆಗ್ಗಡದೇವನಕೋಟೆ ತಾಲ್ಲೂಕಿನ ನಮ್ಮ ಅಂತರಸಂತೆಯ ಸುತ್ತಿನಲ್ಲಿ, ಕಾಡಂಚಿನ ಹಾಡಿಗಳಿಂದ ಬರುವ ಜೇನುಕುರುಬರ ಮಕ್ಕಳಿಗೆ ಮನೆಯ ನುಡಿಯೇ ಬೇರೆ. ಇಲ್ಲಿ ನಾಯಿ ಬೊಗಳುವುದು ಕಳ್ಳನಿಗಿಂತ ಹೆಚ್ಚಾಗಿ ಆನೆಗೆ, ಚಿರತೆಗೆ; ಕೆಲವೊಮ್ಮೆ ಚಿರತೆಗೆ ಮೊದಲ ತುತ್ತಾಗುವುದೂ ಆ ನಾಯಿಯೇ. ಇಲ್ಲಿಯ ಮಗು ಆ ಹಾಡನ್ನು ಹಾಡುವಾಗ ಅದರ ನಗೆಯ ಹಿಂದೆ ಬೇರೊಂದು ಅರ್ಥ ಹೊಳೆಯುತ್ತದೆ. ಆ ಅರ್ಥವನ್ನು ಹಾಡಾಗಿಸುವ ಕೆಲಸ ಈ ನೆಲದಲ್ಲಿ ಬೆಳೆದವರಿಂದಲೇ ಆಗಬೇಕು.

ಅಂಥ ಕೆಲಸಕ್ಕೆ ಮಾದರಿಗಳು ಇಲ್ಲದಿಲ್ಲ. ಸಾಗರದ ನಾ. ಡಿಸೋಜ ಅವರು (1937–2025) ಶರಾವತಿಯ ಮುಳುಗಡೆಯ ಸೀಮೆಯನ್ನು ಕಣ್ಣಾರೆ ಕಂಡು, 'ಮುಳುಗಡೆಯ ಊರಿಗೆ ಬಂದವರು' ಎಂಬ ಕಾದಂಬರಿಯನ್ನು ಮಕ್ಕಳಿಗಾಗಿ ಬರೆದರು. ಅದಕ್ಕೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ನಮ್ಮ ಸೀಮೆಯ ಹಳ್ಳಿಗಳೂ ಮುಳುಗಿದವು. ಆ ಊರುಗಳನ್ನು ಬಿಟ್ಟುಬಂದಾಗ ಬಾಲಕರಾಗಿದ್ದವರು ಇಂದು ಅರವತ್ತರ ಆಚೀಚೆಯಲ್ಲಿದ್ದಾರೆ. ಅವರ ನೆನಪು ಅಳಿಯುವ ಮುನ್ನ ಮೊಮ್ಮಕ್ಕಳಿಗಾಗಿ ಅದನ್ನು ಬರೆದಿಡುವವರು ಮುಂದೆ ಬರಬೇಕು.

ನಮ್ಮ ಸಮಾಜದ ಮಕ್ಕಳ ವಿಷಯಕ್ಕೆ ಬಂದರೆ ಚಿಂತೆ ಇನ್ನೂ ಹತ್ತಿರದ್ದು. ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಜೀವನೋಪಾಯದ ದಾರಿ ಅದು. ಆದರೆ ಅಹಿಂಸೆ, ಸತ್ಯ, ಅಚೌರ್ಯ ಮೊದಲಾದ ಅಣುವ್ರತಗಳು ಆ ಮಕ್ಕಳಿಗೆ ಪರೀಕ್ಷೆಗೆ ಓದುವ ಪರಿಭಾಷೆಗಳಾಗಿ ಉಳಿದಿವೆ, ಬಾಯಲ್ಲಿ ಆಡುವ ಮಾತಾಗಿ ಇಳಿದಿಲ್ಲ. ತೂಕದಲ್ಲಿ ಮೋಸ ಮಾಡಬಾರದೆಂಬುದು ಅಚೌರ್ಯವ್ರತದ ಅತಿಚಾರಗಳ ಪಟ್ಟಿಯಲ್ಲಿದೆ. ಅದನ್ನು ಮಗುವಿಗೆ ಕಲಿಸಲು ಆ ಪಟ್ಟಿಗಿಂತ, ತಕ್ಕಡಿಯೂ ಬೆಲ್ಲವೂ ಮಾತನಾಡಿಕೊಳ್ಳುವ ಒಂದು ಪುಟ್ಟ ಹಾಡು ಹೆಚ್ಚು ಸಮರ್ಥ. ರಾಜರತ್ನಂ ಅವರಿದ್ದಿದ್ದರೆ ಅದನ್ನು ಕೇಳಿ ಬರೆಸಬಹುದಾಗಿತ್ತು. ಅವರಿಲ್ಲದ ಈ ಕಾಲದಲ್ಲಿ ಕೇಳಬೇಕಾದದ್ದು ನಮ್ಮ ಮನೆಗಳ ವಿದ್ಯಾವಂತ ತಾಯಂದಿರನ್ನು, ನಿವೃತ್ತ ಉಪಾಧ್ಯಾಯರನ್ನು.

ದಶಲಕ್ಷಣ ಪರ್ವದ ದಿನಗಳಲ್ಲಿ ಸಂಘಗಳು ಪ್ರವಚನದ ಪುಸ್ತಕಗಳನ್ನು ಅಚ್ಚುಹಾಕಿಸಿ ಹಂಚುತ್ತವೆ. ಅವುಗಳ ಜೊತೆಗೆ, ಉತ್ತಮ ಮಾರ್ದವದ ದಿನ, ಹತ್ತೇ ಹಾಡುಗಳ ಒಂದು ಚಿಕ್ಕ ಪುಸ್ತಕವನ್ನು ಮಕ್ಕಳ ಕೈಗೆ ಕೊಡಲಿ. ಅದರಲ್ಲಿ 'ನೀತಿ' ಎಂಬ ತಲೆಬರಹ ಎಲ್ಲಿಯೂ ಇರದಿರಲಿ. ಮಾರ್ದವವೆಂದರೆ ಗರ್ವವಿಲ್ಲದಿರುವುದೆಂದು ಆ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿ ಬರುವುದಿಲ್ಲ.